‘ನ್ಯಾಚುರಲ್’ ಎಂದು ಬರೆದ ಮಾತ್ರಕ್ಕೆ ಸಾಲದು: ನೀಲಮಣಿ ಕೊಳ್ಳುವ ಮುನ್ನ

ಪ್ರಶ್ನೆ: ಮಗನಿಗೆ ಸಾಡೇಸಾತಿ ನಡೆಯುತ್ತಿದೆ, ಐದೂಕಾಲು ರತ್ತಿಯ ನೀಲ ಹಾಕಿಸಿ ಎಂದು ಜೋಯಿಸರು ಹೇಳಿದ್ದಾರೆ. ಅಂಗಡಿಯವರು ‘ಕಾಶ್ಮೀರಿ ನೀಲ’ ಎಂದು ಒಂದು ಹರಳು ತೋರಿಸಿದರು. ಹಾಲಿನ ಬಟ್ಟಲಲ್ಲಿ ಹಾಕಿ, ಹಾಲು ನೀಲಿಯಾಗಿ ಕಾಣುವುದನ್ನೂ ತೋರಿಸಿದರು. ಎಟಿಎಂ ಕಾರ್ಡಿನಂಥ ಸರ್ಟಿಫಿಕೇಟ್ ಇದೆ. ಅದರಲ್ಲಿ ‘ನ್ಯಾಚುರಲ್ ಕೊರಂಡಮ್’ ಎಂದು ಮಾತ್ರ ಬರೆದಿದೆ. ಇದನ್ನು ನಂಬಬಹುದೇ? ಮನೆಯಲ್ಲೇ ಪರೀಕ್ಷಿಸುವ ದಾರಿ ಇದೆಯೇ? ನೀಲದ ಬಗ್ಗೆ ಜನ ಹೇಳುವುದರಲ್ಲಿ ಹುರುಳೆಷ್ಟು?

ಉತ್ತರ: ಕಾರ್ಡಿನ ಮಾತು ಸುಳ್ಳಿರಲಾರದು, ಆದರೆ ಅರ್ಧ ಮಾತು. ಕೊರಂಡಮ್ ಎಂದರೆ ಕುರುಂದ, ಅಲ್ಯೂಮಿನಿಯಂ ಆಕ್ಸೈಡಿನ ಹರಳು. ಅಪ್ಪಟವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ತುಸು ಕ್ರೋಮಿಯಂ ಸೇರಿದರೆ ಮಾಣಿಕ್ಯ. ಕಬ್ಬಿಣ ಮತ್ತು ಟೈಟಾನಿಯಂ ಎರಡೂ ಸೇರಿದರೆ ನೀಲ. ನಮ್ಮ ಮೈಸೂರು ಸೀಮೆಯಲ್ಲಿ ಸಿಗುವ, ಹೆಚ್ಚಾಗಿ ಉಜ್ಜುವ ಕೆಲಸಕ್ಕೆ ಹೋಗುವ ಮಬ್ಬು ಕುರುಂದವೂ ಇದೇ ಕುಲದ್ದು. ‘ನ್ಯಾಚುರಲ್’ ಎಂದರೆ ಹರಳು ಭೂಮಿಯಲ್ಲಿ ಬೆಳೆದದ್ದು, ಕಾರ್ಖಾನೆಯಲ್ಲಿ ಅಲ್ಲ ಎಂದಷ್ಟೇ. ಭೂಮಿಯಿಂದ ತೆಗೆದ ಮೇಲೆ ಅದಕ್ಕೆ ಏನೇನು ಮಾಡಿದ್ದಾರೆ ಎಂಬುದನ್ನು ಆ ಪದ ಹೇಳುವುದಿಲ್ಲ. ನೀಲದ ಬೆಲೆ ನಿಂತಿರುವುದೇ ಅಲ್ಲಿ. ಅಂಗಡಿಯವರನ್ನು ಕೇಳಬೇಕಾದದ್ದು ‘ಇದು ಅಸಲಿಯೇ’ ಎಂದಲ್ಲ, ‘ಇದಕ್ಕೆ ಏನು ಮಾಡಿದ್ದೀರಿ’ ಎಂದು.

ಮಾರುಕಟ್ಟೆಯ ನೀಲಗಳಲ್ಲಿ ಬಹುಪಾಲು ಕಾಯಿಸಿದವು. ಶ್ರೀಲಂಕಾದಲ್ಲಿ ‘ಗೆವುಡ’ ಎನ್ನುವ ಹಾಲುಬಣ್ಣದ, ಮಬ್ಬಾದ ಕುರುಂದ ಹೇರಳವಾಗಿ ಸಿಗುತ್ತದೆ. ಮೊದಲು ಅದಕ್ಕೆ ಬೆಲೆಯೇ ಇರಲಿಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನ ವ್ಯಾಪಾರಿಗಳು ಅದನ್ನು ಅಗ್ಗಕ್ಕೆ ಕೊಂಡು, ಕುಲುಮೆಯಲ್ಲಿ 1,600ರಿಂದ 1,800 ಡಿಗ್ರಿ ಸೆಲ್ಸಿಯಸ್‌ವರೆಗೆ, ಆಮ್ಲಜನಕ ಕಡಿಮೆ ಇರುವ ಗಾಳಿಯಲ್ಲಿ ಕಾಯಿಸಿ, ಒಳ್ಳೆಯ ನೀಲಿ ಹೊರತೆಗೆಯತೊಡಗಿದರು. ಮಬ್ಬಿಗೆ ಕಾರಣ ಹರಳಿನೊಳಗಿನ ರೂಟೈಲ್ ಎಂಬ ಸೂಜಿಯಂಥ ಎಳೆಗಳು, ಅಂದರೆ ಟೈಟಾನಿಯಂ ಆಕ್ಸೈಡ್. ಆ ಕಾವಿಗೆ ಎಳೆಗಳು ಕರಗಿ ಟೈಟಾನಿಯಂ ಹರಳಿನ ಮೈಯಲ್ಲಿ ಬೆರೆಯುತ್ತದೆ, ಕಬ್ಬಿಣದ ಜೊತೆ ಕೂಡಿ ನೀಲಿ ಕೊಡುತ್ತದೆ. ಕುರುಂದ ಕರಗುವುದು ಸುಮಾರು 2,050 ಡಿಗ್ರಿಗೆ, ಹಾಗಾಗಿ ಹರಳು ಉಳಿಯುತ್ತದೆ. ಈ ಬಣ್ಣ ಶಾಶ್ವತ, ಹೊರಗಿನಿಂದ ಏನೂ ಸೇರಿಸಿಲ್ಲ. ಇಷ್ಟಕ್ಕೆ ನಿಂತರೆ ಅದು ಮೋಸವಲ್ಲ, ಹೇಳಿ ಮಾರಿದರೆ. ಕಾಯಿಸದ ಹರಳಿನ ಬೆಲೆಗೆ ಕಾಯಿಸಿದ್ದನ್ನು ಮಾರುವುದು ಮಾತ್ರ ಮೋಸ.

ಅದರ ಮುಂದಿನ ಹೆಜ್ಜೆ ಬೇರೆ ಮಾತು. ಬಿಳಿಚಿಕೊಂಡ ಹರಳಿನ ಸುತ್ತ ಟೈಟಾನಿಯಂ ಪುಡಿ ಮೆತ್ತಿ ಕಾಯಿಸಿದರೆ ಬಣ್ಣ ಹೊರಪದರದಲ್ಲಿ ಮಿಲಿಮೀಟರಿನ ಒಂದು ಪಾಲಿನಷ್ಟು ಮಾತ್ರ ಇಳಿಯುತ್ತದೆ. ಮುಂದೆಂದೋ ಗೀರು ಬಿತ್ತೆಂದು ಸಾಣೆ ಹಿಡಿಸಿದರೆ ನೀಲಿ ಹೋಗಿ ಬಿಳಿ ಹೊರಬರುತ್ತದೆ. 2000ರ ದಶಕದ ಆರಂಭದಲ್ಲಿ ಬೆರಿಲಿಯಂ ಸೇರಿಸಿ ಕಾಯಿಸುವುದು ಬಂತು. ಅದು ಹರಳಿನ ಆಳದವರೆಗೂ ಹೋಗುವುದರಿಂದ ಭೂತಗನ್ನಡಿಗೆ ಸಿಗುವುದಿಲ್ಲ, ಲ್ಯಾಬಿನ ಯಂತ್ರಕ್ಕೇ ಸಿಗಬೇಕು. ಎಲ್ಲಕ್ಕಿಂತ ಕೆಟ್ಟದ್ದು ಕೋಬಾಲ್ಟ್ ಬೆರೆಸಿದ ಸೀಸದ ಗಾಜು ತುಂಬಿದ ನೀಲ, ಸುಮಾರು 2012ರಿಂದ ಕಾಣಿಸಿಕೊಂಡದ್ದು. ಮೈಯೆಲ್ಲ ಬಿರುಕಿರುವ, ಯಾರಿಗೂ ಬೇಡವಾದ ಕುರುಂದಕ್ಕೆ ನೀಲಿ ಗಾಜು ಇಳಿಸಿ ಹೊಳಪು ಕೊಟ್ಟಿರುತ್ತಾರೆ. ಅದರ ಕಾರ್ಡಿನಲ್ಲೂ ‘ನ್ಯಾಚುರಲ್ ಕೊರಂಡಮ್’ ಎಂದು ಬರೆದುಬಿಟ್ಟರೆ ಅಕ್ಷರಶಃ ಸುಳ್ಳಾಗುವುದಿಲ್ಲ! ನಿಮ್ಮ ಕಾರ್ಡಿನಲ್ಲಿ ಹರಳಿಗೆ ಏನು ಮಾಡಿದ್ದಾರೆಂಬ ಸಾಲೇ ಇಲ್ಲ ಎಂದಾಗ ನನಗೆ ಮೊದಲು ಬರುವ ಅನುಮಾನ ಇದೇ.

ಇನ್ನು ಹಾಲಿನ ಪರೀಕ್ಷೆ. ಇದರ ಬೇರು ಹಳೆಯದು. ಗರುಡ ಪುರಾಣದ ರತ್ನಪರೀಕ್ಷೆಯ ಅಧ್ಯಾಯಗಳಲ್ಲಿ, ತನಗಿಂತ ನೂರು ಪಟ್ಟು ಹಾಲಿನಲ್ಲಿಟ್ಟರೂ ಹಾಲಿಗೆ ನೀಲಿ ಛಾಯೆ ಬರಿಸುವ ಹರಳನ್ನು ಮಹಾನೀಲ ಎಂದು ಕರೆದಿದೆ. ಅದು ಬಣ್ಣ ಎಷ್ಟು ಗಾಢ ಎಂಬುದರ ಅಳತೆ. ಗಾಢ ನೀಲಿ ಗಾಜಿನ ತುಂಡೂ ಅದನ್ನು ಸಲೀಸಾಗಿ ಪಾಸು ಮಾಡುತ್ತದೆ. ನಕಲಿ ಹಿಡಿಯುವ ವಿಚಾರಕ್ಕೆ ಆ ಗ್ರಂಥವೇ ಬೇರೆ ಮಾತು ಹೇಳಿದೆ: ಗಾಜು, ಸ್ಫಟಿಕ ಮೊದಲಾದವು ಇಂದ್ರನೀಲದ ಹಾಗೆ ಕಾಣುತ್ತವೆ, ಅವುಗಳ ಭಾರವನ್ನೂ ಗಡಸನ್ನೂ ನೋಡಿ ತಿಳಿಯಬೇಕು ಎಂದು. ಅಂಗಡಿಗಳು ಹಾಲನ್ನು ಉಳಿಸಿಕೊಂಡು ತೂಕವನ್ನು ಮರೆತವು.

ಆ ಭಾರದ ಪರೀಕ್ಷೆಯನ್ನು ನೀವು ಮನೆಯಲ್ಲೇ ಮಾಡಬಹುದು, ಹರಳು ಉಂಗುರಕ್ಕೆ ಕೂತಿರಬಾರದು ಅಷ್ಟೆ. ಮಿಲಿಗ್ರಾಂ ತೋರಿಸುವ (0.001 ಗ್ರಾಂ) ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಮೊದಲು ಹರಳನ್ನು ಒಣಗಿದ ಸ್ಥಿತಿಯಲ್ಲಿ ತೂಗಿ ಬರೆದುಕೊಳ್ಳಿ. ಆಮೇಲೆ ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ. ಹರಳಿಗೆ ತೆಳುವಾದ ನೈಲಾನ್ ದಾರ ಅಥವಾ ಒಂದೆಳೆ ಕೂದಲು ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಗೋಡೆಗೂ ತಾಗದಂತೆ ತೂಗುಬಿಡಿ. ಈಗ ತಕ್ಕಡಿ ತೋರಿಸುವುದು ಹರಳು ಸರಿಸಿದ ನೀರಿನ ತೂಕ. ಒಣ ತೂಕವನ್ನು ಇದರಿಂದ ಭಾಗಿಸಿ.

ಈ ಉತ್ತರವೇ ಹರಳಿನ ಸಾಂದ್ರತೆ; ನೀಲಕ್ಕೆ ಅದು 4.00ರ ಹತ್ತಿರ ಬರಬೇಕು. ಉದಾಹರಣೆಗೆ 0.956 ಗ್ರಾಂ ಹರಳು ನೀರಿನಲ್ಲಿ 0.239 ತೋರಿಸಬೇಕು. ಸ್ಪಿನೆಲ್ ಎಂಬ ಬೇರೆ ಖನಿಜವಾದರೆ 0.264ರ ಆಸುಪಾಸು (ಸಾಂದ್ರತೆ ಸುಮಾರು 3.6), ‘ನೀಲಿ’ ಎಂದು ಉಪರತ್ನವಾಗಿ ಮಾರುವ ಐಯೊಲೈಟ್ ಆದರೆ 0.37ರ ಹತ್ತಿರ (2.6). ನೀಲದಂತೆ ಕಾಣುವ ಬೇರೆ ಹರಳುಗಳ ಸಾಂದ್ರತೆ: ಟಾಂಜನೈಟ್ 3.35, ಕಯನೈಟ್ 3.6ರ ಆಸುಪಾಸು, ಕಾರ್ಖಾನೆಯಲ್ಲಿ ಮಾಡುವ ಕ್ಯೂಬಿಕ್ ಜಿರ್ಕೋನಿಯಾ 5.6 ದಾಟುತ್ತದೆ. ಇಲ್ಲಿ ತಪ್ಪುವುದು ಹೆಚ್ಚಾಗಿ ಗುಳ್ಳೆಯಿಂದ. ಹರಳಿನ ತಳಕ್ಕೆ ಗಾಳಿಯ ಗುಳ್ಳೆ ಅಂಟಿದರೆ ಸರಿದ ನೀರು ಹೆಚ್ಚಾಗಿ ಕಾಣುತ್ತದೆ, ಅಸಲಿ ನೀಲವೇ ಸ್ಪಿನೆಲ್ ಲೆಕ್ಕ ಕೊಡುತ್ತದೆ. ಸೋಪಿನ ಹನಿ ಅದಕ್ಕೇ. ಸಂಖ್ಯೆ ಇದ್ದಕ್ಕಿದ್ದಂತೆ ಜಿಗಿದರೆ ಹರಳು ತಳಕ್ಕೆ ಕೂತಿದೆ ಎಂದರ್ಥ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ, 0.01 ಗ್ರಾಂ ತಕ್ಕಡಿಯಲ್ಲಿ ಇಷ್ಟು ಚಿಕ್ಕ ಹರಳಿಗೆ ನೀಲ–ಸ್ಪಿನೆಲ್ ವ್ಯತ್ಯಾಸ ನಂಬುವಂತೆ ಸಿಗುವುದಿಲ್ಲ.

ಈ ಪರೀಕ್ಷೆ ಹೇಳುವುದು ಹರಳು ಕುರುಂದ ಹೌದೋ ಅಲ್ಲವೋ ಎಂದು ಮಾತ್ರ. ಕಾರ್ಖಾನೆಯ ನೀಲವೂ ಕುರುಂದವೇ, ಅದೂ 4.00 ಕೊಡುತ್ತದೆ; ಸೀಸದ ಗಾಜು ತುಂಬಿದ್ದೂ ಅದರ ಹತ್ತಿರವೇ ಬರಬಹುದು. ಫ್ರಾನ್ಸಿನ ಆಗಸ್ಟ್ ವರ್ನೂಯಿ ಎಂಬ ರಸಾಯನಶಾಸ್ತ್ರಜ್ಞ ಜ್ವಾಲೆಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ, 1911ರ ಹೊತ್ತಿಗೆ ನೀಲಕ್ಕೂ ಪೇಟೆಂಟ್ ಪಡೆದ. ಹಾಗಾಗಿ ‘ನಮ್ಮಜ್ಜಿಯ ಕಾಲದ್ದು, ನಕಲಿ ಇರಲಾರದು’ ಎಂಬ ಮಾತಿಗೆ ಬೆಲೆಯಿಲ್ಲ. ನೂರು ವರ್ಷದ ಒಡವೆಯಲ್ಲೂ ವರ್ನೂಯಿ ನೀಲ ಕೂತಿರಬಹುದು.

ಹರಳು ಭೂಮಿಯದೋ ಕಾರ್ಖಾನೆಯದೋ ಎಂದು ತಿಳಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಬೇಕು. ಬಿಳಿ ಪಿಂಗಾಣಿ ಬಟ್ಟಲಲ್ಲಿ ಹರಳು ಮುಳುಗುವಷ್ಟು ನೀರು ಹಾಕಿ (ಬೇಬಿ ಆಯಿಲ್ ಇನ್ನೂ ವಾಸಿ), ಕೆಳಗಿನ ಬಿಳುಪಿನ ಎದುರು ನೋಡಿ. ಭೂಮಿಯಲ್ಲಿ ಬೆಳೆದ ನೀಲದಲ್ಲಿ ಬಣ್ಣದ ಪಟ್ಟೆಗಳು ನೇರವಾಗಿರುತ್ತವೆ, ಮೂಲೆಯಲ್ಲಿ 120 ಡಿಗ್ರಿಗೆ ತಿರುಗುತ್ತವೆ, ಷಟ್ಕೋನದ ಅಂಚಿನ ಹಾಗೆ. ವರ್ನೂಯಿ ಹರಳಲ್ಲಿ ಪಟ್ಟೆ ಬಾಗಿರುತ್ತದೆ, ದುಂಡು ಗುಳ್ಳೆಗಳಿರಬಹುದು. ಬಾಗಿದ ಪಟ್ಟೆ ಒಂದು ಕಂಡರೂ ಸಾಕು, ಮುಂದೆ ನೋಡಬೇಕಿಲ್ಲ. ರೇಷ್ಮೆಯಂಥ ತೆಳುಸೂಜಿಗಳು ಒಂದನ್ನೊಂದು 60 ಡಿಗ್ರಿಗೆ ದಾಟುತ್ತ ಅಖಂಡವಾಗಿ ಕಂಡರೆ ಹರಳು ಹೆಚ್ಚು ಕಾವಿಗೆ ಹೋಗಿಲ್ಲ ಎನ್ನಬಹುದು. ಸೂಜಿಗಳು ತುಂಡಾಗಿ ಚುಕ್ಕೆಸಾಲಾಗಿದ್ದರೆ ಕುಲುಮೆ ಕಂಡು ಬಂದಿದೆ. ಒಳಗಿನ ಸಣ್ಣ ಹರಳಿನ ಸುತ್ತ ತಟ್ಟೆಯಂಥ ಬಿರುಕು ಹರಡಿದ್ದರೂ ಅದೇ ಗುರುತು. ಬಣ್ಣವೆಲ್ಲ ಮುಖಗಳ ಅಂಚುಗಳಲ್ಲಿ ಗೆರೆಯಾಗಿ ಕೂಡಿದ್ದರೆ ಟೈಟಾನಿಯಂ ಮೆತ್ತಿದ್ದು. ಬಣ್ಣ ಬಿರುಕುಗಳಲ್ಲೇ ಕೂತು, ಹರಳು ಅಲುಗಿಸಿದಾಗ ಬಿರುಕಿನಲ್ಲಿ ಮಿಂಚು ಹಾಯ್ದರೆ, ಗುಳ್ಳೆ ಕಂಡರೆ, ಅದು ಗಾಜು ತುಂಬಿದ್ದು. ಆ ಅಂಗಡಿಗೆ ಮತ್ತೆ ಹೋಗಬೇಡಿ.

ಪಕ್ಕದಿಂದ ನೋಡಿದಾಗ ಹರಳಿನ ಮೇಲ್ಭಾಗ ಬಿಳಿಯಾಗಿ, ತಳದ ತುದಿಯಲ್ಲಿ ಮಾತ್ರ ನೀಲಿ ಕಂಡರೆ ಗಾಬರಿಯಾಗಬೇಡಿ. ಶ್ರೀಲಂಕಾದ ಕುಶಲ ಕೆಲಸಗಾರರು ಇರುವ ಅಲ್ಪ ಬಣ್ಣವನ್ನು ತಳಕ್ಕೆ ಬರುವಂತೆ ಸಾಣೆ ಹಿಡಿದು, ಮೇಲಿಂದ ನೋಡಿದಾಗ ಹರಳೆಲ್ಲ ನೀಲಿಯಾಗಿ ಕಾಣುವಂತೆ ಮಾಡುತ್ತಾರೆ. ಅದು ವಿದ್ಯೆ. ಅಂಥ ಹರಳಿನ ತಳ ತೆಗೆಸಿ ‘ಸರಿಮಾಡಿಸಲು’ ಹೋದರೆ ಮಾತ್ರ ಬಣ್ಣವೆಲ್ಲ ಸಾಣೆಯ ಪುಡಿಯಲ್ಲಿ ಹೋಗುತ್ತದೆ. ಇದಕ್ಕೂ, ಎರಡು ತುಂಡು ಅಂಟಿಸಿದ ಜೋಡು ಹರಳಿಗೂ ವ್ಯತ್ಯಾಸ ನೀರಲ್ಲಿ ಮುಳುಗಿಸಿ ಪಕ್ಕದಿಂದ ನೋಡಿದರೆ ತಿಳಿಯುತ್ತದೆ: ಜೋಡಿನಲ್ಲಿ ನಡುಪಟ್ಟಿಯ (ಹರಳಿನ ಅತಿ ಅಗಲದ ಅಂಚಿನ) ಬಳಿ ಬಣ್ಣ ಕತ್ತರಿಸಿದಂತೆ ಬದಲಾಗುತ್ತದೆ, ಅಂಟಿನ ಮಟ್ಟದಲ್ಲಿ ಚಪ್ಪಟೆ ಗುಳ್ಳೆಗಳಿರುತ್ತವೆ.

‘ಕಾಶ್ಮೀರಿ’ ಎಂಬ ಮಾತಿಗೆ ಬರೋಣ. ಕಿಶ್ತ್‌ವಾಡದ ಪಾಡರ್ ಕಣಿವೆಯಲ್ಲಿ, ಸುಮ್ಜಾಮ್ ಹಳ್ಳಿಯ ಮೇಲೆ, ಸುಮಾರು 4,500 ಮೀಟರ್ ಎತ್ತರದಲ್ಲಿ, 1881ರ ಸುಮಾರಿಗೆ ಗುಡ್ಡ ಕುಸಿದು ನೀಲ ಹೊರಬಿತ್ತು. ಮೊದಮೊದಲು ಬೆಟ್ಟದ ಜನ ಅದನ್ನು ಉಪ್ಪಿನ ತೂಕಕ್ಕೆ ಬದಲು ಕೊಟ್ಟರು ಎಂಬ ಕಥೆ ವ್ಯಾಪಾರಿಗಳ ಬಾಯಲ್ಲಿ ಇನ್ನೂ ಇದೆ. ಸುದ್ದಿ ಹಬ್ಬಿದ ಮೇಲೆ ಜಮ್ಮು–ಕಾಶ್ಮೀರದ ಮಹಾರಾಜರು ಕಾವಲು ಹಾಕಿಸಿದರು. ವರ್ಷದಲ್ಲಿ ಹಿಮ ಕರಗಿರುವ ಕೆಲವೇ ತಿಂಗಳು ಅಲ್ಲಿ ಅಗೆಯಲಾಗುವುದು. 1887ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಲಾ ಟೂಷ್ ಹೋಗಿ ನೋಡುವ ಹೊತ್ತಿಗೆ ಹಳೆಯ ಗಣಿ ಬಹುಮಟ್ಟಿಗೆ ಬರಿದಾಗಿತ್ತು. ಮಖಮಲ್ಲಿನಂಥ ಆ ನೀಲಿಗೆ ಕಾರಣ ಹರಳಿನೊಳಗೆ ಚದುರಿದ ಅತಿ ಸಣ್ಣ ಕಣಗಳು. ಬೆಳಕನ್ನು ಅವು ಹರಡುವುದರಿಂದ ಕತ್ತಲ ಮೂಲೆಗಳಿಲ್ಲದೆ ಹರಳು ತುಂಬಿದಂತೆ ಕಾಣುತ್ತದೆ. ಆ ಕೆಲವು ವರ್ಷಗಳ ಫಸಲೇ ಇಂದು ಅಂತರರಾಷ್ಟ್ರೀಯ ಹರಾಜುಗಳಲ್ಲಿ ಕೈ ಬದಲಾಯಿಸುತ್ತಿದೆ. ಊರಿನ ಅಂಗಡಿಯ ಟ್ರೇಯಲ್ಲಿ ಅದು ಸಿಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹರಳು ಎಲ್ಲಿಯದೆಂದು ಹೇಳುವ ದೊಡ್ಡ ಲ್ಯಾಬಿನ ವರದಿ ಇಲ್ಲದೆ ‘ಕಾಶ್ಮೀರಿ’ ಎಂದರೆ ಅದು ಬಣ್ಣದ ಹೊಗಳಿಕೆ ಎಂದುಕೊಳ್ಳಿ, ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ನಮ್ಮ ಕಡೆ ಸಿಗುವ ಒಳ್ಳೆಯ ನೀಲ ಹೆಚ್ಚಾಗಿ ಶ್ರೀಲಂಕಾದ್ದು ಅಥವಾ ಮಡಗಾಸ್ಕರಿನದ್ದು. ರತ್ನಪುರದ ಸುತ್ತ ಗದ್ದೆಗಳಲ್ಲಿ ಗುಂಡಿ ತೋಡಿ, ‘ಇಲ್ಲಂ’ ಎಂಬ ಜಲ್ಲಿಪದರವನ್ನು ಬುಟ್ಟಿಯಲ್ಲಿ ಜಾಲಾಡಿ ತೆಗೆಯುವ ಕ್ರಮ ಈಗಲೂ ನಡೆದಿದೆ. ಗರುಡ ಪುರಾಣವೂ ಇಂದ್ರನೀಲದ ತವರು ಸಿಂಹಳವೆಂದೇ ಹೇಳುತ್ತದೆ. ಬಲಾಸುರನ ಕಣ್ಣುಗಳು ಅಲ್ಲಿ ಬಿದ್ದು ನೀಲವಾದವಂತೆ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿರುವ 563 ಕ್ಯಾರೆಟ್ಟಿನ ‘ಸ್ಟಾರ್ ಆಫ್ ಇಂಡಿಯಾ’ ಕೂಡ, ಹೆಸರು ಏನೇ ಇರಲಿ, ಶ್ರೀಲಂಕಾದ ಹರಳು. 1964ರಲ್ಲಿ ಕಳುವಾಗಿ ಮರಳಿ ಸಿಕ್ಕಿತು. ಮಡಗಾಸ್ಕರಿನ ಇಲಕಾಕಾ ಗಣಿ ಸಿಕ್ಕಿದ್ದು 1998ರಲ್ಲಿ; ಅಲ್ಲಿನ ಹರಳೂ ‘ಸಿಲೋನ್’ ಹೆಸರಲ್ಲಿ ಮಾರಾಟವಾಗುವುದುಂಟು. ಬಣ್ಣ ಚೆನ್ನಾಗಿದ್ದು ಕಾಯಿಸಿರದಿದ್ದರೆ, ನಿಮ್ಮ ಬಳಕೆಗೆ ಎರಡರಲ್ಲಿ ಯಾವುದಾದರೂ ಅಡ್ಡಿಯಿಲ್ಲ.

ತೂಕದ ವಿಷಯ ದುಡ್ಡಿನದು, ಎಚ್ಚರ ಬೇಕು. ರತ್ತಿ ಎಂದರೆ ಮೂಲದಲ್ಲಿ ಗುಲಗಂಜಿ ಕಾಳಿನ ತೂಕ, ಸುಮಾರು 121 ಮಿಲಿಗ್ರಾಂ. ಆದರೆ ಹರಳಿನ ಅಂಗಡಿಗಳಲ್ಲಿ ನಡೆಯುವ ‘ಪಕ್ಕಾ ರತ್ತಿ’ ಸುಮಾರು 182 ಮಿಲಿಗ್ರಾಂ, ಅಂದರೆ 0.91 ಕ್ಯಾರೆಟ್. ಐದೂಕಾಲು ರತ್ತಿ ಮೊದಲ ಲೆಕ್ಕದಲ್ಲಿ ಸುಮಾರು 3.2 ಕ್ಯಾರೆಟ್, ಎರಡನೆಯದರಲ್ಲಿ 4.78. ನೀಲದಲ್ಲಿ ಗಾತ್ರ ಹೆಚ್ಚಿದಂತೆ ಕ್ಯಾರೆಟ್ಟಿನ ದರವೂ ಏರುವುದರಿಂದ ಒಟ್ಟು ಬೆಲೆಯ ಅಂತರ ಒಂದೂವರೆ ಪಟ್ಟನ್ನೂ ಮೀರಬಹುದು. ಯಾವ ರತ್ತಿ ಎಂದು ಜೋಯಿಸರನ್ನೇ ಕೇಳಿ, ಅಂಗಡಿಯಲ್ಲಿ ಕ್ಯಾರೆಟ್ಟಿನಲ್ಲೇ (0.2 ಗ್ರಾಂ) ಮಾತಾಡಿ.

ತೂಕಕ್ಕೆ ಮಾರುವುದರಿಂದ ತಳದಲ್ಲಿ ಹೊಟ್ಟೆ ದಪ್ಪಗೆ ಉಳಿಸಿ ಕತ್ತರಿಸುವ ಚಾಳಿಯೂ ಬೆಳೆದಿದೆ. ಮೇಲಿನಿಂದ 10×8 ಮಿಲಿಮೀಟರ್ ಕಾಣುವ ಅಂಡಾಕಾರದ ನೀಲ 5.5 ಮಿ.ಮೀ. ಆಳವಿದ್ದರೆ ಸುಮಾರು 3.5 ಕ್ಯಾರೆಟ್ ಬರುತ್ತದೆ. ಅದೇ ಮುಖಕ್ಕೆ 4.8 ತೂಗಿದರೆ ಆಳ 7.5 ಮಿ.ಮೀ. ಇದೆ ಎಂದಾಯಿತು: ಉಂಗುರದೊಳಗೆ ಯಾರಿಗೂ ಕಾಣದ, ಒಂದು ಕ್ಯಾರೆಟ್ಟಿಗೂ ಹೆಚ್ಚಿನ ಕಲ್ಲಿಗೆ ದುಡ್ಡು ಕೊಟ್ಟಿದ್ದೀರಿ. ತೀರ ತೆಳುವಾದದ್ದೂ ಬೇಡ. ಹರಳನ್ನು ಅಚ್ಚಾದ ಕಾಗದದ ಮೇಲಿಟ್ಟಾಗ ನಡುವಿನಿಂದ ಅಕ್ಷರ ಓದಲು ಬಂದರೆ ಬೆಳಕು ಹಿಂತಿರುಗದೆ ಸೋರಿಹೋಗುತ್ತಿದೆ. ಬಣ್ಣವನ್ನು ಅಂಗಡಿಯ ದೀಪದಲ್ಲಿ ತೀರ್ಮಾನಿಸಬೇಡಿ. ಬೆಳಗಿನ ಹೊತ್ತು ಕಿಟಕಿಯ ಪಕ್ಕ, ನೇರ ಬಿಸಿಲಿಲ್ಲದ ಕಡೆ ನೋಡಿ.

ಇನ್ನು ನಂಬಿಕೆ. ನೀಲ ಶನಿಯ ರತ್ನ, ನವರತ್ನದ ಉಂಗುರದಲ್ಲಿ ಅದರ ಜಾಗ ಪಶ್ಚಿಮಕ್ಕೆ. ಶನಿವಾರ, ಬೆಳ್ಳಿ ಅಥವಾ ಪಂಚಲೋಹದಲ್ಲಿ, ನಡುಬೆರಳಿಗೆ ಎಂಬುದು ರೂಢಿ. ‘ನೀಲ ಒಗ್ಗದಿದ್ದರೆ ಕೆಡಿಸಿಬಿಡುತ್ತದೆ’ ಎಂಬ ಭಯದಿಂದ ಮೂರು ದಿನ ತಲೆದಿಂಬಿನ ಕೆಳಗಿಟ್ಟು ನೋಡುವುದೂ ಉಂಟು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ, 12ನೆಯ ಶತಮಾನದ್ದು, ರತ್ನಗಳನ್ನು ರಾಜನ ಕೋಶದ ಭಾಗವಾಗಿ ಇಟ್ಟು ಚರ್ಚಿಸುತ್ತದೆ. ಯುರೋಪಿನಲ್ಲಿ ಇದೇ ಹರಳು ಬಿಷಪ್ಪರ ಉಂಗುರಕ್ಕೆ ಹೋಯಿತು. ರತ್ನಶಾಸ್ತ್ರ ಹೇಳಬಹುದಾದದ್ದು ಇಷ್ಟು: ಕುರುಂದ ಬೆವರಿನಲ್ಲಿ ಕರಗುವುದಿಲ್ಲ, ಚರ್ಮಕ್ಕೆ ಏನನ್ನೂ ಬಿಡುವುದಿಲ್ಲ, ದೇಹದ ಮೇಲೆ ಅಳೆಯಬಹುದಾದ ಪರಿಣಾಮವನ್ನು ಯಾರೂ ತೋರಿಸಿಲ್ಲ. ತಳ ತೆರೆದು ಚರ್ಮಕ್ಕೆ ತಾಗಿಸಿ ಕಟ್ಟಿಸುವುದರಿಂದ ಆಗುವುದು ತೊಳೆಯಲು ಅನುಕೂಲ. ನಂಬಿಕೆಯಿಂದ ಹಾಕಿಸುವುದು ನಿಮ್ಮ ಮನೆಯ ತೀರ್ಮಾನ. ಸಾಲ ಮಾಡಿ ಹಾಕಿಸಬೇಡಿ ಎಂಬುದು ನನ್ನ ಮಾತು.

ಶಾಸ್ತ್ರದ ಪ್ರಕಾರವೇ ಹಾಕಿಸುವುದಾದರೆ ಒಂದು ಸಂಗತಿ ಗಮನಿಸಿ. ಪರೀಕ್ಷೆಗೆಂದಾಗಲಿ, ಗುಣ ಹೆಚ್ಚಿಸಲೆಂದಾಗಲಿ ಮಣಿಯನ್ನು ಬೆಂಕಿಗೆ ಇಡಕೂಡದು, ಉರಿಯ ಅಳತೆ ತಿಳಿಯದೆ ಸುಟ್ಟ ಮಣಿ ತೊಟ್ಟವನಿಗೂ ಮಾಡಿದವನಿಗೂ ಮಾಡಿಸಿದವನಿಗೂ ಕೆಡುಕು ಎಂದು ಗರುಡ ಪುರಾಣ ಇಂದ್ರನೀಲದ ಅಧ್ಯಾಯದಲ್ಲೇ ಹೇಳುತ್ತದೆ. ಗ್ರಹದೋಷಕ್ಕೆಂದು ನೀಲ ಮಾರುವ ಅಂಗಡಿಯಲ್ಲೇ ಕುಲುಮೆಯಿಂದ ಬಂದ ಹರಳೂ ಇರುತ್ತದೆ, ಈ ಸಾಲನ್ನು ಯಾರೂ ಎತ್ತುವುದಿಲ್ಲ. ಹಾಗಾಗಿ ನಿಮ್ಮ ಉದ್ದೇಶಕ್ಕೆ ಕಾಯಿಸಿದ ದೊಡ್ಡ ಹರಳಿಗಿಂತ, ಬಣ್ಣ ತುಸು ತಿಳಿಯಾದರೂ ಕಾಯಿಸದ ಚಿಕ್ಕ ಹರಳು ಮೇಲು.

ಈಗ ಮಾಡಬೇಕಾದ್ದು: ಹರಳನ್ನು ಕಟ್ಟಿಸುವ ಮೊದಲು ಅಂಗಡಿಗೆ ಸಂಬಂಧವಿಲ್ಲದ ಲ್ಯಾಬಿಗೆ ಕಳಿಸಿ. ಮುಂಬೈಯ ಜೆಮಾಲಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ, ಜೈಪುರದಲ್ಲಿ ರತ್ನಾಭರಣ ರಫ್ತು ಮಂಡಳಿಯ ಪ್ರಯೋಗಾಲಯ ಇಂಥವು. ವರದಿಯಲ್ಲಿ ‘ನ್ಯಾಚುರಲ್ ಕೊರಂಡಮ್, ಬ್ಲೂ ಸಫೈರ್’ ಎಂಬುದರ ಕೆಳಗೆ ‘ನೋ ಇಂಡಿಕೇಶನ್ಸ್ ಆಫ್ ಹೀಟಿಂಗ್’ ಅಥವಾ ‘ಇಂಡಿಕೇಶನ್ಸ್ ಆಫ್ ಹೀಟಿಂಗ್’ ಎಂಬ ಸಾಲು ಇರಲೇಬೇಕು. ತೂಕ ಮತ್ತು ಮಿಲಿಮೀಟರ್ ಅಳತೆ ನಿಮ್ಮ ಹರಳಿಗೆ ತಾಳೆಯಾಗುತ್ತದೋ ನೋಡಿ, ವರದಿಯ ಸಂಖ್ಯೆಯನ್ನು ಲ್ಯಾಬಿನ ಜಾಲತಾಣದಲ್ಲಿ ಹಾಕಿ ನೋಡಿ. ಅಸಲಿ ವರದಿ, ಬೇರೆ ಹರಳು ಎಂಬ ಆಟವೂ ನಡೆಯುತ್ತದೆ. ಬಿಲ್ಲಿನಲ್ಲಿ ಕ್ಯಾರೆಟ್ ತೂಕ, ಕಾಯಿಸಿದ್ದೋ ಇಲ್ಲವೋ, ಲ್ಯಾಬ್ ಬೇರೆ ಹೇಳಿದರೆ ಎಷ್ಟು ದಿನದೊಳಗೆ ಹಣ ವಾಪಸು ಎಂಬ ಮೂರೂ ಬರೆಸಿ. ಬರೆಯಲು ಹಿಂಜರಿದರೆ ಅದೇ ಉತ್ತರ.

ಉಂಗುರವಾದ ಮೇಲೆ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆ ಬ್ರಷ್ ಸಾಕು. ನೀಲದ ಗಡಸು ಮೋಸ್ ಅಳತೆಯಲ್ಲಿ 9, ಅದನ್ನು ಗೀರುವುದು ವಜ್ರ ಅಥವಾ ಇನ್ನೊಂದು ಕುರುಂದ. ಆದ್ದರಿಂದ ವಜ್ರದ ಒಡವೆಯ ಜೊತೆ ಒಂದೇ ಡಬ್ಬಿಯಲ್ಲಿಡಬೇಡಿ. ಮುಂದೆ ಅಳತೆ ಹೆಚ್ಚುಕಡಿಮೆ ಮಾಡಿಸಲು ಅಕ್ಕಸಾಲಿಗರಿಗೆ ಕೊಟ್ಟಾಗ ಹರಳು ಬಿಚ್ಚಿಯೇ ಬೆಂಕಿ ಹಿಡಿಯಬೇಕೆಂದು ಹೇಳಿ. ಬೆಸುಗೆಗೆ ಹಾಕುವ ಬಿಳಿಗಾರ ಬಿಸಿಯಲ್ಲಿ ಕುರುಂದದ ಮೈಯನ್ನೇ ತಿಂದು ಪಾಲಿಶ್ ಕೆಡಿಸುತ್ತದೆ, ಕಾದ ಹರಳನ್ನು ನೀರಿಗೆ ಅದ್ದಿದರೆ ಬಿರುಕು ಬಿಡಬಹುದು. ಗಾಜು ತುಂಬಿದ ಹರಳಾದರೆ ಬೆಂಕಿಯವರೆಗೂ ಹೋಗಬೇಕಿಲ್ಲ, ಅಕ್ಕಸಾಲಿಗರ ಆಮ್ಲದ ಬಟ್ಟಲಲ್ಲೇ, ಅಡುಗೆಮನೆಯ ನಿಂಬೆರಸದಲ್ಲೇ ಗಾಜು ಕರಗಿ ಬಿಳಿ ಬಿರುಕುಗಳು ಮೇಲೆದ್ದುಬಿಡುತ್ತವೆ.